ಸಾಕು ಅಂದ ಮೇಲೆ

ಆ ಊರು ಎಲ್ಲಿದೆ ಎಂದು ಕೇಳಿದರೆ ನಾನು ಹೇಳಲಾರೆ. ಹೇಳಿದರೂ ನೀವು ಹೋಗಿ ನೋಡಿ ಬರುವಂಥ ದಾರಿಯಲ್ಲ ಅದು. ಊರಿಗೆ ಎರಡು ಬಾಗಿಲು. ಮೂಡುಬಾಗಿಲಿನಿಂದ ಜನ ಒಳಗೆ ಬರುತ್ತಿದ್ದರು, ಪಡುಬಾಗಿಲಿನಿಂದ ಹೊರಗೆ ಹೋಗುತ್ತಿದ್ದರು. ಬಂದ ಬಾಗಿಲಲ್ಲಿ ಯಾರೂ ಹೋದದ್ದಿಲ್ಲ, ಹೋದ ಬಾಗಿಲಲ್ಲಿ ಯಾರೂ ಮರಳಿದ್ದಿಲ್ಲ.

ಪಡುಬಾಗಿಲ ಆಚೆ ಹೊಳೆ, ಹೊಳೆಯಲ್ಲಿ ಒಂದು ದೋಣಿ. ಆ ದೋಣಿಗೆ ಆಳು ಹತ್ತಬಹುದು, ಆಳಿನ ಬಟ್ಟೆಯಲ್ಲಿ ಕಟ್ಟಿದ ರಾಗಿ ಹತ್ತಬಹುದು, ಮೂರನೆಯದೇನೂ ಹತ್ತುವ ಹಾಗಿಲ್ಲ. ಮೂಡುಬಾಗಿಲ ಕಟ್ಟಳೆ ಇದಕ್ಕೆ ಉಲ್ಟಾ. ದೂರದಿಂದ ರಾಗಿ ಗಂಟು ಹೊತ್ತು ಬಂದವರು ಬರೀ ಗಂಟಿನೊಂದಿಗೆ ಒಳಗೆ ಕಾಲಿಡುವ ಹಾಗಿಲ್ಲ. ಚಾಪೆಯೋ ಚೊಂಬೋ, ಬಾಳುವೆಗೆ ಬೇಕಾದ ವಸ್ತು ಒಂದಾದರೂ ಕೈಯಲ್ಲಿರಬೇಕು. ಹೀಗಾಗಿ ಪಡುಬಾಗಿಲಲ್ಲಿ ದಿನಾ ಬೆಳಿಗ್ಗೆ ಮಾರುವವರ ಗುಂಪು, ಮೂಡುಬಾಗಿಲಲ್ಲಿ ದಿನಾ ಸಂಜೆ ಕೊಳ್ಳುವವರ ಗುಂಪು. ಈ ಕಟ್ಟಳೆಗಳನ್ನು ಮಾಡಿಟ್ಟವರು ಯಾರೋ, ಅವರಿಗೆ ವ್ಯಾಪಾರ ಚೆನ್ನಾಗಿ ಗೊತ್ತಿದ್ದಿರಬೇಕು.

ಬೆಲೆ ಕಟ್ಟುವ ರೀತಿಯೂ ಅಲ್ಲಿ ಬೇರೆ. ಇಷ್ಟು ಸೇರು ಕೊಡು ಎಂದು ಬಾಯಿಬಿಟ್ಟು ಕೇಳುವುದು ಮರ್ಯಾದಸ್ಥರ ಲಕ್ಷಣವಲ್ಲ. ಮಾರುವವನು ಬಟ್ಟೆ ಹಾಸುತ್ತಾನೆ, ಕೊಳ್ಳುವವನು ರಾಗಿ ಸುರಿಯುತ್ತಾನೆ. ಸುರಿಯುತ್ತಾ ಇರುತ್ತಾನೆ, ಮಾರುವವನು ನೋಡುತ್ತಾ ಇರುತ್ತಾನೆ. ಮಾರುವವನ ಬಾಯಿಂದ ‘ಸಾಕು’ ಎಂಬ ಮಾತು ಬಂದಾಗ ಸುರಿಯುವ ಕೈ ನಿಲ್ಲುತ್ತದೆ. ಬಿದ್ದಷ್ಟೇ ಬೆಲೆ. ಆ ಮಾತು ಬರುವವರೆಗೆ ಬೆಟ್ಟದಷ್ಟು ರಾಗಿ ಬಿದ್ದಿದ್ದರೂ ವ್ಯಾಪಾರ ಆಗಲಿಲ್ಲ ಎಂದೇ ಲೆಕ್ಕ. ಬಂದ ಮೇಲೆ ಒಂದು ಬೊಗಸೆ ಬಿದ್ದಿದ್ದರೂ ಆಯಿತು ಎಂದೇ ಲೆಕ್ಕ. ಸುರಿಯುವುದು, ಹೇಳುವುದು, ನಿಲ್ಲುವುದು. ಊರಿನ ಬದುಕೆಲ್ಲ ಈ ಮೂರರಲ್ಲಿ ಮುಗಿಯುತ್ತಿತ್ತು.

ಎರಡು ಬಾಗಿಲುಗಳ ನಡುವೆ ಓಡಾಡಿ ಹೊಟ್ಟೆ ಹೊರೆಯುತ್ತಿದ್ದ ಹೆಂಗಸು ಒಬ್ಬಳಿದ್ದಳು. ಅವಳಿಗೊಂದು ಹೆಸರಿತ್ತು, ಆದರೆ ಅದು ಅವಳ ಅಕ್ಕನನ್ನು ಬಿಟ್ಟರೆ ಯಾರಿಗೂ ನೆನಪಿರಲಿಲ್ಲ. ಊರವರ ಬಾಯಲ್ಲಿ ಅವಳು ಅಗ್ಗದವಳು. ಬೆಳಿಗ್ಗೆ ಪಡುಬಾಗಿಲಲ್ಲಿ ಅಗ್ಗಕ್ಕೆ ಕೊಳ್ಳುತ್ತಿದ್ದಳು, ಮಧ್ಯಾಹ್ನ ಮನೆಗೆ ತಂದು ಹುಣಸೆಹಣ್ಣು ಹಾಕಿ ತಿಕ್ಕುತ್ತಿದ್ದಳು, ಮುರಿದದ್ದಕ್ಕೆ ಕಟ್ಟು ಹಾಕುತ್ತಿದ್ದಳು, ಸಂಜೆ ಮೂಡುಬಾಗಿಲಿಗೆ ಹೊತ್ತು ಅದನ್ನೇ ಮೂರರಷ್ಟು ರಾಗಿಗೆ ಮಾರುತ್ತಿದ್ದಳು. ಊರು ಎಷ್ಟು ಅಗಲವೋ ಅಷ್ಟೇ ಅವಳ ಲಾಭ.

ಅವಳಿಗೆ ಎರಡು ವಿದ್ಯೆ ಗೊತ್ತಿತ್ತು. ಒಂದು, ಹೊತ್ತು ನೋಡುವುದು. ದೋಣಿಯವನು ಮೂರು ಸಲ ಕೊಂಬು ಊದುತ್ತಿದ್ದ. ಮೊದಲನೇ ಕೊಂಬಿನ ಹೊತ್ತಿಗೆ ಮಾರುವವರ ಗತ್ತನ್ನು ನೋಡಬೇಕು, ತಾತನ ಕಾಲದ ಪೆಟ್ಟಿಗೆ, ಅಜ್ಜಿ ಮದುವೆಯ ಕೊಳಗ, ಒಂದೊಂದಕ್ಕೂ ಒಂದೊಂದು ಪುರಾಣ. ಎರಡನೇ ಕೊಂಬಿಗೆ ಪುರಾಣ ಗಿಡ್ಡವಾಗುತ್ತಿತ್ತು. ಮೂರನೇ ಕೊಂಬಿಗೆ ದೋಣಿ ಬಿಡುತ್ತಿತ್ತು. ಅಗ್ಗದವಳು ಎರಡನೇ ಕೊಂಬಿನ ದನಿ ಅಡಗಿದ ಮೇಲೆ, ಏನೂ ಅವಸರವಿಲ್ಲದವಳ ಹಾಗೆ, ಎಲೆ ಅಡಿಕೆ ಹಾಕಿಕೊಂಡು ಬರುತ್ತಿದ್ದಳು.

ಇನ್ನೊಂದು ವಿದ್ಯೆ ಸಣ್ಣ ಧಾರೆ. ಸೇರಿನ ಬಾಯಿಗೆ ಎಡಗೈ ಅಡ್ಡ ಹಿಡಿದು, ಬೆರಳ ಸಂದಿಯಿಂದ ರಾಗಿ ನೂಲಿನ ಹಾಗೆ ಇಳಿಯುವಂತೆ ಸುರಿಯುತ್ತಿದ್ದಳು. ಹತ್ತು ಜನರ ಎದುರು ಸೆರಗು ಒಡ್ಡಿಕೊಂಡು, ಕಾಳು ಕಾಳಾಗಿ ಬೀಳುವುದನ್ನು ಎಷ್ಟು ಹೊತ್ತು ನೋಡುತ್ತ ನಿಲ್ಲಲಾದೀತು? ನಾಚಿಕೆಗೇ ಜನ ‘ಸಾಕು’ ಎನ್ನುತ್ತಿದ್ದರು. ಮಾನವಂತರು ಇನ್ನೂ ಬೇಗ ಎನ್ನುತ್ತಿದ್ದರು.

ಅವಳು ಕೆಟ್ಟವಳೇ ಎಂದು ಕೇಳಿದರೆ ಅಲ್ಲವೆಂದೇ ಹೇಳುತ್ತೇನೆ. ತೂತು ತಂಬಿಗೆಯನ್ನು ಚೆನ್ನಾಗಿದೆ ಎಂದು ಮಾರಿದವಳಲ್ಲ. ಗಂಡ ಇಲ್ಲ, ಅಕ್ಕನಿಗೆ ಮಂಡಿ ನೋವು, ಮನೆಗೆ ದುಡಿಯುವ ಕೈ ಇವಳದೊಂದೇ. ಯಾರಾದರೂ ಕೊಂಕು ಮಾತಾಡಿದರೆ ಅವಳ ಉತ್ತರ ಯಾವಾಗಲೂ ಸಿದ್ಧ. “ನಾನೇನು ಕಿತ್ಕೊಂಡ್ನಾ? ಅವರ ಬಾಯಿಂದ್ಲೇ ಬಂತು ಮಾತು. ನಾನು ಬರದೆ ಹೋದ್ರೆ ಆ ಸಾಮಾನು ಹೊಳೆ ದಡದಲ್ಲೇ ಗೆದ್ಲು ತಿಂತಿತ್ತು.” ಈ ಮಾತಿಗೆ ಎದುರು ಹೇಳುವುದು ಕಷ್ಟ, ಏಕೆಂದರೆ ಅದರಲ್ಲಿ ಅರ್ಧಕ್ಕಿಂತ ಹೆಚ್ಚು ನಿಜವಿತ್ತು.

ಒಂದು ದಿನ ಪಡುಬಾಗಿಲಿಗೆ ಗಾಣದಜ್ಜ ಬಂದ. ಊರಿಗೆಲ್ಲ ಎಣ್ಣೆ ತೆಗೆದು ಕೊಟ್ಟ ಮುದುಕ. ಗಾಣವನ್ನು ಯಾರಿಗೋ ಕೊಟ್ಟಾಗಿತ್ತು. ಅವನ ಜೊತೆಗಿದ್ದದ್ದು ಗಾಣದ ಎತ್ತು ಒಂದೇ. ಅದಕ್ಕೂ ವಯಸ್ಸಾಗಿತ್ತು. ಕಣ್ಣಿಗೆ ಬಟ್ಟೆ ಕಟ್ಟಿಸಿಕೊಂಡು ವರ್ಷಗಟ್ಟಲೆ ಸುತ್ತಿದ ಪ್ರಾಣಿ, ನಿಂತಲ್ಲಿ ನಿಲ್ಲಲು ಬಾರದೆ ಬಾಗಿಲ ಮುಂದೆಯೂ ಸಣ್ಣದೊಂದು ಸುತ್ತು ಹಾಕುತ್ತಿತ್ತು. ಎರಡನೇ ಕೊಂಬು ಆಗಿ ಬಹಳ ಹೊತ್ತಾಗಿತ್ತು. ಮುದಿ ಎತ್ತನ್ನು ಯಾರೂ ತಿರುಗಿ ನೋಡಿರಲಿಲ್ಲ. ಅಗ್ಗದವಳು ನೋಡಿದಳು. ಮೂಡುಬಾಗಿಲ ಹತ್ತಿರ ಹೊಸಬರಿಗೆ ಮನೆ ಕಟ್ಟಿಕೊಡುವ ಗಾರೆಯವನಿದ್ದಾನೆ, ಸುಣ್ಣ ಮರಳು ಅರೆಯುವ ಅವನ ಕಲ್ಲಿಗೆ ಸುತ್ತುವ ಎತ್ತು ಬೇಕು ಎಂದು ಅವನು ವಾರದಿಂದ ಹೇಳುತ್ತಿದ್ದಾನೆ. ಅವಳ ಮನಸ್ಸಿನಲ್ಲಿ ಲೆಕ್ಕ ಕೂಡಿತು.

“ಏನಜ್ಜ, ಎತ್ತು ಕೊಡೋದಾ?”

“ಕೊಟ್ಟೇ ಹೋಗ್ಬೇಕಲ್ಲವ್ವ. ದೋಣಿಯೋನು ಹತ್ತಿಸ್ಕೊಳಲ್ಲ ಅಂತಾನೆ.” ಅಜ್ಜ ಎತ್ತಿನ ಹಣೆ ಸವರಿದ. “ಇದಕ್ಕೆ ಹಿಂಡಿ ಅಂದ್ರೆ ಪ್ರಾಣ. ಬೆನ್ನ ಮೇಲೆ ಬಿಸ್ಲು ಬಿದ್ರೆ ಆಗಲ್ಲ, ಕುಂದಿ ಹೋಗ್ತದೆ. ನೀರು ಕುಡಿಯುವಾಗ ಯಾರಾದ್ರೂ ಪಕ್ಕದಲ್ಲಿ ನಿಂತಿರ್ಬೇಕು, ಇಲ್ದಿದ್ರೆ ಕುಡಿಯಲ್ಲ.”

“ಆಯ್ತಜ್ಜ, ಬಟ್ಟೆ ಹಾಸು,” ಎಂದು ಅಗ್ಗದವಳು ಸೇರು ಎತ್ತಿದಳು.

ಅಜ್ಜ ಹೆಗಲ ಮೇಲಿನ ಟವೆಲನ್ನು ಅರ್ಧ ಬಿಚ್ಚಿ ಒಂದು ಕೈಯಲ್ಲಿ ಹಿಡಿದ. ಇನ್ನೊಂದು ಕೈ ಎತ್ತಿನ ಹಣೆಯ ಮೇಲೆಯೇ ಇತ್ತು. ರಾಗಿಯ ನೂಲು ಇಳಿಯತೊಡಗಿತು. ಒಂದು ಬೊಗಸೆಯೂ ತುಂಬಿರಲಿಲ್ಲ, ದೋಣಿಯವನು ಮೂರನೇ ಕೊಂಬಿಗೆ ಉಸಿರು ಎಳೆದುಕೊಂಡ ಸದ್ದಾಯಿತು. ಆಗ ಅಜ್ಜನ ಬಾಯಿಂದ ಬಂತು:

“ಸಾಕವ್ವ.”

ಕೈ ನಿಂತಿತು. ಇಷ್ಟು ಅಗ್ಗಕ್ಕೆ ಅವಳು ಹುಟ್ಟಿದಾಗಿನಿಂದ ಏನನ್ನೂ ಕೊಂಡಿರಲಿಲ್ಲ. ಅಜ್ಜ ಟವೆಲಿನ ಮೂಲೆಯಲ್ಲಿ ಅಷ್ಟು ರಾಗಿಯನ್ನು ಗಂಟು ಹಾಕಿ, ಗಂಟಿನ ಕಡೆ ನೋಡದೆ ದೋಣಿ ಹತ್ತಿದ. ಕೊಂಬು ಮೊಳಗಿತು, ದೋಣಿ ಹೋಯಿತು. ಅಗ್ಗದವಳು ಎತ್ತಿನ ಮೂಗುದಾರ ಹಿಡಿದು ಬೇಗ ಬೇಗ ನಡೆದಳು. ಬೇಗ ಯಾಕೆ ನಡೆದಳು ಎಂದು ಅವಳನ್ನು ಕೇಳಿದ್ದರೆ ಬಿಸಿಲು ಎಂದು ಹೇಳುತ್ತಿದ್ದಳು.

ಸಂಜೆ ಮೂಡುಬಾಗಿಲಲ್ಲಿ ಗಾರೆಯವನು ಎತ್ತಿನ ಸುತ್ತ ಒಂದು ಸಲ ತಿರುಗಿ ನೋಡಿದ. ಕೈಕಾಲಿಗೆಲ್ಲ ಸುಣ್ಣ ಹತ್ತಿದ ದೊಡ್ಡ ಆಳು ಅವನು, ಮಾತು ಕಡಿಮೆ. “ಮುದಿಯಾಗ್ಬಿಟ್ಟದೆ. ಆದ್ರೂ ಸುತ್ತೋದು ಬಲ್ಲದು. ಒಂದು ವರ್ಷ ಬಂದ್ರೆ ಸಾಕ್ ನನಗೆ. ಹಾಸು ತಾಯಿ,” ಎಂದ.

ಅಗ್ಗದವಳು ಸೆರಗು ಒಡ್ಡಿದಳು. ಗಾರೆಯವನದು ಸಣ್ಣ ಧಾರೆಯಲ್ಲ; ಕೊಳಗ ಎತ್ತಿ ದಬದಬ ಸುರಿದ. ಒಂದು ಕೊಳಗ ಆಯಿತು. ಅವಳು ಲೆಕ್ಕ ಹಾಕಿದ್ದು ಅಷ್ಟೇ. ಇನ್ನೊಂದು ಸ್ವಲ್ಪ ಬೀಳಲಿ ಎಂದು ಸುಮ್ಮನಿದ್ದಳು. ಇನ್ನೊಂದು ಅರ್ಧ ಬಿತ್ತು. ಈಗ ಹೇಳೋಣ ಎಂದು ಬಾಯಿ ತೆರೆದಳು.

ಮಾತು ಬರಲಿಲ್ಲ.

ಗಂಟಲು ಕಟ್ಟಿರಲಿಲ್ಲ, ನಾಲಿಗೆ ತಡವರಿಸಿರಲಿಲ್ಲ. ‘ಸಾ’ ಎಂಬ ಅಕ್ಷರವೇ ಮೂಡಲಿಲ್ಲ. ರಾಗಿ ಬೀಳುತ್ತಿತ್ತು. ಸೆರಗು ಜಗ್ಗಿತು, ಸೆರಗು ತುಂಬಿ ನೆಲಕ್ಕೆ ಸುರಿಯಿತು. ಅವಳು ಕೈ ಅಡ್ಡ ಹಿಡಿದಳು, ತಲೆ ಆಡಿಸಿದಳು. ಕೈಗೂ ತಲೆಗೂ ಆ ಊರಲ್ಲಿ ಬೆಲೆಯಿಲ್ಲ. ಗಾರೆಯವನು ಸುರಿಯುವುದನ್ನು ನಿಲ್ಲಿಸಿ ಅವಳ ಮುಖ ನೋಡಿದ.

“ಇನ್ನೂ ಸಾಲ್ದಾ ನಿನಗೆ?”

“ಅಯ್ಯೋ ಅದಲ್ಲ ಕಣಣ್ಣ, ಮಾತು ಬರ್ತಿಲ್ಲ ನನಗೆ,” ಎಂದಳು. ಉಳಿದ ಮಾತೆಲ್ಲ ಸಲೀಸಾಗಿ ಬಂತು. ಬಾರದ್ದು ಅದೊಂದೇ.

ಸುತ್ತಲಿದ್ದವರು ನಕ್ಕರು. ದುರಾಸೆಗೆ ಇದು ಹೊಸ ವರಸೆ ಎಂದುಕೊಂಡರು. ಗಾರೆಯವನು ನಗಲಿಲ್ಲ. ಮಂಡಿಯೂರಿ ಕೂತು, ಬಿದ್ದ ರಾಗಿಯನ್ನೆಲ್ಲ ಮಣ್ಣು ತಾಗದಂತೆ ಬಳಿದು ಗಂಟು ಕಟ್ಟಿಕೊಂಡು ಹೋದ.

ಅವತ್ತು ಊಟಕ್ಕೆ ಕೂತಾಗ ಅಕ್ಕ ಮುದ್ದೆಗೆ ಸಾರು ಬಿಟ್ಟಳು. ಬಿಡುತ್ತಲೇ ಇದ್ದಳು. ತಟ್ಟೆ ತುಂಬಿ, ಸಾರು ಅಂಚು ದಾಟಿ, ಅಗ್ಗದವಳ ಮಡಿಲಿಗೆ ಇಳಿಯಿತು.

“ಏನೇ ಇದು, ಸಾಕು ಅನ್ನೋಕೇನು ಧಾಡಿ ನಿನಗೆ?” ಎಂದಳು ಅಕ್ಕ.

ಅಗ್ಗದವಳು ಅಳತೊಡಗಿದಳು. ಸಾರು ಬಿಸಿಯಿತ್ತು, ಅದಕ್ಕಲ್ಲ.

ಮರುದಿನದಿಂದ ಮೂಡುಬಾಗಿಲಲ್ಲಿ ಅವಳ ಒಂದು ಸಾಮಾನೂ ಹೋಗಲಿಲ್ಲ. ಚಾಪೆಗೆ ಸುರಿದರು, ಮಾತು ಬರಲಿಲ್ಲ, ಬಳಿದುಕೊಂಡು ಹೋದರು. ಒರಳಿಗೆ ಸುರಿದರು, ಬಳಿದುಕೊಂಡು ಹೋದರು. ಅಕ್ಕ ಮಂಡಿ ನೋವು ಲೆಕ್ಕಿಸದೆ ಜೊತೆಗೆ ಬಂದು, ತಂಗಿಯ ಪರವಾಗಿ ತಾನೇ ಗಟ್ಟಿಯಾಗಿ “ಸಾಕು” ಎಂದು ನೋಡಿದಳು. ಸಾಮಾನು ಯಾರದೋ ಅವರ ಬಾಯಿ ಬಿಟ್ಟು ಬೇರೆಯವರ ಬಾಯಿಗೆ ಕೈ ನಿಲ್ಲಿಸುವ ಕಟ್ಟಳೆ ಇರಲಿಲ್ಲ. ಜಗಲಿಯ ಮೇಲೆ ಸಾಮಾನು ಸೂರಿನವರೆಗೆ ಬೆಳೆಯಿತು, ಕಾಳು ತುಂಬಿಡುವ ವಾಡೆಯಲ್ಲಿ ರಾಗಿ ತಳದ ಕಡೆ ಇಳಿಯುತ್ತಾ ಬಂತು. ಇಷ್ಟು ಸಾಮಾನಿನ ನಡುವೆ ಹಸಿದುಕೊಂಡು ಕೂರುವುದು ಹೇಗೆ ಎಂದು ಅಕ್ಕತಂಗಿಯರು ಮುಖ ಮುಖ ನೋಡಿಕೊಂಡರು.

ಎತ್ತು ಮಾತ್ರ ತಿನ್ನುತ್ತಿತ್ತು. ತಿನ್ನುವ ಬಾಯಿ ಒಂದು ಕಮ್ಮಿಯಾಗಲಿ ಎಂದು ಅಗ್ಗದವಳು ಒಂದು ಬೆಳಿಗ್ಗೆ ಅದರ ಹಗ್ಗ ಬಿಚ್ಚಿ ಬೀದಿಗೆ ಅಟ್ಟಿದಳು. ಎತ್ತು ಬೀದಿಯ ಕೊನೆಯವರೆಗೆ ಹೋಯಿತು, ಎಡಕ್ಕೆ ತಿರುಗಿತು, ಮತ್ತೆ ಎಡಕ್ಕೆ ತಿರುಗಿತು, ಮತ್ತೊಮ್ಮೆ ತಿರುಗಿ ಹಿತ್ತಿಲ ಬಾಗಿಲಿಂದ ಒಳಗೆ ಬಂದು ತನ್ನ ಗೂಟದ ಹತ್ತಿರ ನಿಂತುಕೊಂಡಿತು. ಜೀವಮಾನವೆಲ್ಲ ಸುತ್ತಿದ್ದಕ್ಕೆ ಬೇರೆ ದಾರಿ ಎಲ್ಲಿಂದ ಗೊತ್ತಾಗಬೇಕು? ಅಕ್ಕ ನಕ್ಕುಬಿಟ್ಟಳು. ಬಹಳ ದಿನದ ಮೇಲೆ ಆ ಮನೆಯಲ್ಲಿ ಯಾರೋ ನಕ್ಕದ್ದು.

ಪಡುಬಾಗಿಲಲ್ಲಿ ಒಬ್ಬಳು ಮುದುಕಿ ಕೂರುತ್ತಿದ್ದಳು, ಬಾಗಿಲಜ್ಜಿ. ಅಲ್ಲಿ ಆಡಿದ ಪ್ರತಿ ‘ಸಾಕು’ ಮಾತಿಗೂ ಅವಳೇ ಸಾಕ್ಷಿ. ತಕರಾರು ಬಂದರೆ “ಅಂದ” ಎಂದೋ “ಅನ್ನಲಿಲ್ಲ” ಎಂದೋ ಹೇಳುವುದು ಅವಳ ಕೆಲಸ. ಅಗ್ಗದವಳು ಅವಳ ಮುಂದೆ ಹೋಗಿ ಕುಕ್ಕರುಗಾಲಲ್ಲಿ ಕೂತಳು.

“ಅಜ್ಜೀ, ಗಾಣದಜ್ಜ ಅವತ್ತು ಸಾಕು ಅಂದಿದ್ದು ನೀನೂ ಕೇಳ್ದೆ ತಾನೆ?”

“ಕೇಳ್ದೆ ಕಣವ್ವ. ನನ್ನ ಕಿವಿ ಇನ್ನೂ ನೆಟ್ಟಗದೆ.”

“ಹಂಗಾದ್ರೆ ನಾನು ಮಾಡಿದ ತಪ್ಪೇನು?”

“ತಪ್ಪು ಅಂತ ನಾನೆಲ್ಲಿ ಅಂದೆ. ಅವ್ನು ಯಾವ ಸಾಕು ಅಂದ, ಅದನ್ನ ಹೇಳು.”

“ಸಾಕು ಅಂದ್ರೆ ಸಾಕು. ಅದ್ರಲ್ಲಿ ಯಾವುದು ಅಂತ ಬೇರೆ ಇರ್ತದಾ?”

ಬಾಗಿಲಜ್ಜಿ ಬಾಯಲ್ಲಿದ್ದ ಎಲೆಯನ್ನು ಒಂದು ದವಡೆಯಿಂದ ಇನ್ನೊಂದಕ್ಕೆ ಸರಿಸಿದಳು. “ರಾಗಿ ಸಾಕು ಅನ್ನೋರು ರಾಗಿ ನೋಡ್ತಾರೆ. ಅವ್ನು ಏನು ನೋಡ್ತಿದ್ದ?”

ಅಗ್ಗದವಳಿಗೆ ಉತ್ತರ ಗೊತ್ತಿತ್ತು. ಆವತ್ತೇ ಗೊತ್ತಿತ್ತು. ಅಜ್ಜನ ಕಣ್ಣು ರಾಗಿಯ ಮೇಲೆ ಇರಲಿಲ್ಲ, ಟವೆಲು ಸರಿಯಾಗಿ ಬಿಚ್ಚಿಯೂ ಇರಲಿಲ್ಲ. ಎತ್ತಿನ ಮುಖವನ್ನೇ ನೋಡುತ್ತಾ ಅವನು ಹೇಳಿದ್ದು ರಾಗಿ ಸಾಕು ಎಂದಲ್ಲ. ಸಾಕು, ಇದನ್ನು ನೀನು ಸಾಕು ಎಂದು. ಹಿಂಡಿ, ಬಿಸಿಲು, ನೀರು ಎಂದು ಅದಕ್ಕೂ ಮುಂಚೆ ಅಷ್ಟೆಲ್ಲ ಹೇಳಿದ್ದು ಇನ್ಯಾತಕ್ಕೆ? ಅವನು ಅಗ್ಗಕ್ಕೆ ಕೊಟ್ಟಿರಲಿಲ್ಲ. ಬೆಲೆಯನ್ನೇ ಕೇಳಿರಲಿಲ್ಲ. ಮಗುವನ್ನು ಒಪ್ಪಿಸುವ ಹಾಗೆ ಒಪ್ಪಿಸಿ ಹೋಗಿದ್ದ. ಅವಳ ಕಿವಿ ತನಗೆ ಲಾಭವಾದ ಸಾಕನ್ನು ಆರಿಸಿಕೊಂಡಿತ್ತು, ಮತ್ತು ಆರಿಸಿಕೊಂಡದ್ದು ಅವಳಿಗೆ ತಿಳಿದಿತ್ತು. ಬೇಗ ಬೇಗ ನಡೆದದ್ದು ಬಿಸಿಲಿಗಲ್ಲ.

“ಈಗ ಏನ್ ಮಾಡ್ಲಿ ಅಜ್ಜಿ? ಅವ್ನು ಇದ್ದಿದ್ರೆ ಕಾಲಿಗೆ ಬಿದ್ದು ಇನ್ನಷ್ಟು ಸುರೀತಿದ್ದೆ. ಹೊಳೆ ದಾಟಿ ಹೋದ.”

“ಹೋದೋರಿಗೆ ಸುರಿಯೋಕೆ ಆಗಲ್ಲ,” ಎಂದಳು ಅಜ್ಜಿ. “ಎತ್ತಿಗೆ ಹಿಂಡಿ ಹಾಕ್ತಿದ್ದೀಯಾ?”

“ಇಲ್ಲ. ಬರೀ ಒಣ ಹುಲ್ಲು.”

ಅಜ್ಜಿ ಇನ್ನೊಂದು ಎಲೆಗೆ ಸುಣ್ಣ ಸವರಿದಳು. ಅವಳ ಕೆಲಸ ಸಾಕ್ಷಿ ಹೇಳುವುದು, ಬುದ್ಧಿ ಹೇಳುವುದಲ್ಲ.

ಅಗ್ಗದವಳು ಮನೆಗೆ ಬಂದು ಎತ್ತಿಗೆ ನೆರಳು ಕಟ್ಟಿದಳು. ಮಾರಲಾಗದೆ ಬಿದ್ದಿದ್ದ ಚಾಪೆಗಳನ್ನೇ ಕಂಬಕ್ಕೆ ಬಿಗಿದು ಚಪ್ಪರ ಮಾಡಿದಳು. ಹೊಸ ಗಾಣದವನ ಮನೆಯಲ್ಲಿ ಅಂಗಳ ಸಾರಿಸಿ ಕೊಟ್ಟು ಹಿಂಡಿ ತಂದಳು. ನೀರು ಕುಡಿಯುವಾಗ ಪಕ್ಕದಲ್ಲಿ ನಿಂತಳು. ಮೊದಮೊದಲು ಇದೆಲ್ಲ ಮಾತು ವಾಪಸು ಬರಲಿ ಎಂದೇ ಮಾಡಿದ್ದು. ದಿನಾ ಬೆಳಿಗ್ಗೆ ಎತ್ತಿಗೆ ಹಿಂಡಿ ಇಟ್ಟು, ಆಮೇಲೆ ಮೂಲೆಗೆ ಹೋಗಿ ಬಾಯಿ ತೆರೆದು ನೋಡುತ್ತಿದ್ದಳು. ಬರುತ್ತಿರಲಿಲ್ಲ. ಎತ್ತಿನ ಹೊಟ್ಟೆ ಮೂಲಕ ಹಾದು ಬರುವಂಥ ಮಾತಲ್ಲ ಅದು ಎಂದು ಅಕ್ಕ ಚುಡಾಯಿಸಿದಳು. ಆಮೇಲೆ ಬಾಯಿ ತೆರೆದು ನೋಡುವುದು ಒಂದು ದಿನ ಮರೆತುಹೋಯಿತು, ಹಿಂಡಿ ಇಡುವುದು ಮರೆಯಲಿಲ್ಲ.

ಎತ್ತಿಗೆ ಸಾಕು ಎನ್ನಲು ಬರುವುದಿಲ್ಲ. ಹಾಗಾಗಿ ಎಷ್ಟು ಹಾಕಬೇಕು ಎಂಬುದನ್ನು ಅವಳೇ ಅದರ ಮುಖ ನೋಡಿ ತಿಳಿಯಬೇಕಿತ್ತು. ಕಿವಿ ಮುಂದಕ್ಕೆ ಇದ್ದರೆ ಇನ್ನೂ ಬೇಕು. ಮೂತಿಯಿಂದ ಹಿಂಡಿಯನ್ನು ಪಕ್ಕಕ್ಕೆ ತಳ್ಳಿದರೆ ಆಯಿತು. ಇನ್ನೂ ತಿನ್ನುತ್ತಿದ್ದರೂ ಕಣ್ಣು ಎಲ್ಲೋ ಇದ್ದರೆ, ತಿನ್ನುತ್ತಿರುವುದು ಹಸಿವಿಗಲ್ಲ, ದಿಗಿಲಿಗೆ. ಅಗ್ಗದವಳಿಗೆ ಇದನ್ನು ಕಲಿಯಲು ಒಂದು ತಿಂಗಳು ಹಿಡಿಯಿತು. ಕಲಿತ ಮೇಲೆ, ಅವಳು ಈವರೆಗೆ ಕೊಂಡ ಸಾಮಾನುಗಳ ಹಿಂದೆ ನಿಂತಿದ್ದ ಮುಖಗಳೆಲ್ಲ ಒಂದೊಂದಾಗಿ ನೆನಪಿಗೆ ಬರತೊಡಗಿದವು. ಪೆಟ್ಟಿಗೆ ಮಾರಿದವನು ಸಾಕು ಎನ್ನುವಾಗ ಜನರನ್ನು ನೋಡುತ್ತಿದ್ದ. ಕೊಳಗ ಮಾರಿದವಳು ನೆಲ ನೋಡುತ್ತಿದ್ದಳು. ರಾಗಿ ನೋಡಿ ಹೇಳಿದವರು ಎಷ್ಟು ಜನ ಎಂದು ಅವಳು ಎತ್ತಿನ ಪಕ್ಕ ಕೂತು ಯೋಚಿಸಿದಳು. ಬೆರಳು ಮಡಿಸುವಷ್ಟೂ ಸಿಗಲಿಲ್ಲ.

ವಾಡೆಯಲ್ಲಿ ಕಡೆಯ ಎರಡು ಸೇರು ರಾಗಿ ಉಳಿದ ದಿನ ಅಕ್ಕ ಕೇಳಿದಳು, “ಇದನ್ನ ಬೀಸಿ ಮುದ್ದೆ ಮಾಡ್ಲಾ, ಇಲ್ಲ ನೀನು ತಗೊಂಡು ಹೋಗ್ತೀಯಾ?”

ಮುದ್ದೆ ಮಾಡಿದರೆ ಎರಡು ದಿನ. ಆಮೇಲೆ ಇಬ್ಬರೂ ಪಡುಬಾಗಿಲ ಕಡೆ ನಡೆಯಬೇಕು, ಎತ್ತನ್ನು ಯಾರಿಗೋ ಬಿಟ್ಟು. ತೆಗೆದುಕೊಂಡು ಹೋದರೆ, ಕೊಂಡದ್ದನ್ನು ಮಾರಲು ಬಾಯಲ್ಲಿ ಮಾತಿಲ್ಲ. ಅಗ್ಗದವಳು ರಾಗಿಯನ್ನು ಗಂಟು ಕಟ್ಟಿ, ಸೇರು ಹಿಡಿದು ಹೊರಟಳು. ಇನ್ನೂ ಮೊದಲನೇ ಕೊಂಬೇ ಆಗಿರಲಿಲ್ಲ.

ಪಡುಬಾಗಿಲಲ್ಲಿ ಒಬ್ಬಳು ಹೆಂಗಸು ತಾಮ್ರದ ಹಂಡೆಯ ಪಕ್ಕ ನಿಂತಿದ್ದಳು. ವಯಸ್ಸು ಜಾಸ್ತಿಯಿಲ್ಲ, ಮುಖದಲ್ಲಿ ಮಾತ್ರ ದಣಿವು. ಅವಳು ಹೊಳೆಯ ಕಡೆಗೇ ತಿರುಗಿ ನಿಂತಿದ್ದಳು. ಅಗ್ಗದವಳು ಹಂಡೆಯನ್ನು ಬಾರಿಸಿ ನೋಡಿದಳು. ಗಟ್ಟಿ ಹಂಡೆ, ಒಂದು ನೆಗ್ಗೂ ಇಲ್ಲ.

“ಹಾಸವ್ವ,” ಎಂದಳು.

ಹಂಡೆಯವಳು ಸೆರಗು ಒಡ್ಡಿದಳು. ಅಗ್ಗದವಳು ಎಡಗೈ ಅಡ್ಡ ಹಿಡಿಯಲಿಲ್ಲ. ಮೊದಲ ಹಿಡಿ ಬಿದ್ದ ಕೂಡಲೇ ಹಂಡೆಯವಳು, “ಸಾಕು,” ಎಂದಳು.

ಅಗ್ಗದವಳ ಕೈ ನಿಲ್ಲಲಿಲ್ಲ.

ಬಾಗಿಲಜ್ಜಿ ಎಲೆ ಜಗಿಯುವುದನ್ನು ನಿಲ್ಲಿಸಿದಳು. ಮಾತು ಬಂದ ಮೇಲೂ ಕೈ ನಿಲ್ಲದಿದ್ದರೆ ಏನು ಶಿಕ್ಷೆ ಎಂಬುದಕ್ಕೆ ಆ ಊರಲ್ಲಿ ಕಟ್ಟಳೆಯೇ ಇರಲಿಲ್ಲ. ಯಾರಿಗೂ ಅಂಥ ಬುದ್ಧಿ ಬಂದಿರಲಿಲ್ಲ.

“ಸಾಕು ಅಂದ್ನಲ್ಲ,” ಎಂದಳು ಹಂಡೆಯವಳು.

“ಅಂದೆ. ಈ ಊರು ಸಾಕು ಅಂದೆ ನೀನು. ಹಂಡೆಗೆ ಇನ್ನೂ ಅಂದಿಲ್ಲ.”

ಹಂಡೆಯವಳು ಹೊಳೆಯ ಕಡೆಯಿಂದ ಮುಖ ತಿರುಗಿಸಿದಳು. ಅವಳ ಕಣ್ಣು ತುಂಬಿತ್ತು. ರಾಗಿ ಬೀಳುತ್ತಿತ್ತು. ಒಂದು ಸೇರು ಮುಗಿಯಿತು, ಎರಡನೆಯದು ಮುಗಿಯಿತು. ಅಗ್ಗದವಳು ಸೇರನ್ನು ತಲೆಕೆಳಗು ಮಾಡಿ ತಟ್ಟಿದಳು. ಅಂಟಿಕೊಂಡಿದ್ದ ನಾಲ್ಕು ಕಾಳೂ ಬಿದ್ದವು.

“ನನ್ನ ಹತ್ರ ಇದ್ದದ್ದು ಇಷ್ಟೇ,” ಎಂದಳು. “ಹಂಡೆ ಇದಕ್ಕಿಂತ ಹೆಚ್ಚು ಬಾಳ್ತದೆ. ಸಾಲ್ದು ಅನ್ಸಿದ್ರೆ ಬೇಡ ಅನ್ನು, ಇನ್ನೂ ಮೊದಲ್ನೇ ಕೊಂಬೂ ಆಗಿಲ್ಲ. ಬೇರೆಯೋರು ಬರ್ತಾರೆ.”

ಕೊಳ್ಳುವವರ ಬಾಯಿಂದ ಇಂಥ ಮಾತು ಪಡುಬಾಗಿಲು ಕೇಳಿದ್ದು ಅದೇ ಮೊದಲು.

“ಮೂಡುಬಾಗಿಲಲ್ಲಿ ಎಷ್ಟಕ್ಕೆ ಹೋಗ್ತದೆ?” ಎಂದು ಕೇಳಿದಳು ಹಂಡೆಯವಳು.

“ಇದರ ಒಂದೂವರೆಯಷ್ಟು ಬರ್ತದೆ. ಅದೃಷ್ಟ ಇದ್ರೆ ಎರಡರಷ್ಟು.”

ಹಂಡೆಯವಳು ಹಂಡೆ ನೋಡಿದಳು. ಊರಿನ ಆ ತುದಿಯವರೆಗೆ ಬಿದ್ದಿದ್ದ ಬಿಸಿಲನ್ನು ನೋಡಿದಳು. ಆಮೇಲೆ ಸೆರಗಿನಲ್ಲಿದ್ದ ರಾಗಿಯನ್ನು ಅಂಗೈಯಿಂದ ಒತ್ತಿ, ತೂಕ ನೋಡಿ, ರಾಗಿಯನ್ನೇ ನೋಡುತ್ತ ಹೇಳಿದಳು:

“ಅಷ್ಟು ದೂರ ಹೊತ್ತು, ಸಂಜೆವರೆಗೂ ಕೂತು, ನನ್ನ ಕೈಲಿ ಆಗಲ್ಲ. ಹೊರೋಳು ನೀನು. ಸಾಕು.”

ಬಾಗಿಲಜ್ಜಿ ಗಟ್ಟಿಯಾಗಿ “ಅಂದ್ಳು” ಎಂದಳು. ತಕರಾರು ಇಲ್ಲದಾಗ ಅವಳು ಹಾಗೆ ಹೇಳುವ ರೂಢಿಯಿರಲಿಲ್ಲ.

ಅಗ್ಗದವಳು ಹಂಡೆಯನ್ನು ತಲೆಯ ಮೇಲೆ ಹೊತ್ತು ಮನೆಗೆ ಬಂದಳು. ಹುಣಸೆಹಣ್ಣು ಹಾಕಿ, ಬೂದಿ ಹಾಕಿ, ಮುಖ ಕಾಣುವ ಹಾಗೆ ತಿಕ್ಕಿದಳು. ಸಂಜೆ ಮೂಡುಬಾಗಿಲಿಗೆ ಹೊರಟಾಗ ಎತ್ತು ತನ್ನ ಪಾಡಿಗೆ ತಾನು ಹಿಂದೆ ಬಂತು. ಅಟ್ಟಿದರೂ ಹೋಗಲಿಲ್ಲ. ಬರಲಿ ಎಂದು ಬಿಟ್ಟಳು.

ಗಾರೆಯವನು ಹಂಡೆಯನ್ನು ನೋಡಿದ ಕೂಡಲೇ ಬಂದ. ಸುಣ್ಣ ನೆನೆಹಾಕುವಲ್ಲಿಗೆ ನೀರು ತುಂಬಿಡಲು ಅವನಿಗೆ ಅಂಥದೊಂದು ಬೇಕಿತ್ತು. “ಇವತ್ತಾದ್ರೂ ಬಾಯಿ ಬಿಡ್ತೀಯಾ ತಾಯಿ?” ಎಂದು ಕೇಳಿ, ಉತ್ತರಕ್ಕೆ ಕಾಯದೆ ಸುರಿಯತೊಡಗಿದ.

ಅಗ್ಗದವಳು ಬಾಯಿಯ ಬಗ್ಗೆ ಯೋಚಿಸಲಿಲ್ಲ. ರಾಗಿಯನ್ನು ನೋಡಿದಳು. ಎರಡು ಸೇರು ಬಿತ್ತು, ಅದು ಅವಳು ಕೊಟ್ಟದ್ದು. ಇನ್ನೊಂದಿಷ್ಟು ಬಿತ್ತು, ಅದು ಹೊತ್ತದ್ದಕ್ಕೆ. ಇನ್ನೊಂದಿಷ್ಟು ಬಿತ್ತು, ಅದು ತಿಕ್ಕಿದ್ದಕ್ಕೆ. ಇನ್ನೊಂದಿಷ್ಟು, ಅಕ್ಕನ ಮುದ್ದೆಗೂ ಎತ್ತಿನ ಹಿಂಡಿಗೂ. ಹಂಡೆಯವಳಿಗೆ ಹೇಳಿದ ಒಂದೂವರೆ ಅಲ್ಲಿಗೆ ಆಯಿತು. ಗಾರೆಯವನ ಕೈಯಲ್ಲಿ ಇನ್ನೂ ಇತ್ತು, ಮನಸ್ಸಿನಲ್ಲೂ ಇತ್ತು, ಸುರಿಯುತ್ತಲೇ ಇದ್ದ.

“ಸಾಕು,” ಎಂದಳು ಅವಳು.

ಅವನ ಕೈ ನಿಂತಿತು. ಮಾತು ಬಂದದ್ದು ಅವಳಿಗೆ ಆಮೇಲೆ ತಿಳಿಯಿತು. ತುಟಿಯನ್ನು ಮುಟ್ಟಿ ನೋಡಿಕೊಂಡಳು. ಇನ್ನೊಮ್ಮೆ ಮೆಲ್ಲಗೆ ಹೇಳಿ ನೋಡಿದಳು, ಬಂತು. ಅವಳಿಗೆ ನಗು ಬಂತು, ಅಳುವೂ ಬಂತು, ಎರಡನ್ನೂ ಸೆರಗಿನಿಂದ ಒರೆಸಲು ಹೋದರೆ ಸೆರಗು ತುಂಬ ರಾಗಿ.

ಗಾರೆಯವನು ಹಂಡೆಯನ್ನು ಹೆಗಲಿಗೇರಿಸಿದವನು ಮತ್ತೆ ಕೆಳಗಿಟ್ಟ. ಅವಳ ಹಿಂದೆ ಸಣ್ಣದೊಂದು ಸುತ್ತು ಹಾಕುತ್ತ ನಿಂತಿದ್ದ ಎತ್ತನ್ನು ನೋಡಿದ. ಹಿಂಡಿ ತಿಂದು ಅದರ ಮೈ ತುಂಬಿಕೊಂಡಿತ್ತು, ಕೂದಲಿಗೆ ಹೊಳಪು ಬಂದಿತ್ತು.

“ಬಾಯಿ ಬಂತಲ್ಲ,” ಎಂದ. “ಎತ್ತಿಗೂ ಹೇಳ್ಬಿಡು. ಅವತ್ತು ಸುರಿದದ್ದರ ಎರಡರಷ್ಟು ಸುರೀತೀನಿ. ಹಾಸು.”

ಅವಳು ಹಾಸಲಿಲ್ಲ. ಅಷ್ಟು ರಾಗಿ ಅವರ ಮನೆಗೆ ಎಷ್ಟು ತಿಂಗಳು ಬರುತ್ತದೆ ಎಂಬುದು ಅವಳಿಗೆ ಗೊತ್ತಿತ್ತು. ವ್ಯಾಪಾರದವಳು, ಗೊತ್ತಾಗದೆ ಇರುತ್ತದೆಯೇ. ಒಂದು ಗಳಿಗೆ ಲೆಕ್ಕವನ್ನೂ ಹಾಕಿದಳು, ಸುಳ್ಳು ಯಾಕೆ ಹೇಳಲಿ. ಆಮೇಲೆ ಎತ್ತಿನ ಹಣೆಯ ಮೇಲೆ ಕೈಯಿಟ್ಟು ಹೇಳಿದಳು:

“ಇದು ಮಾರೋದಲ್ಲ ಕಣಣ್ಣ. ಗಾಣದಜ್ಜ ಇದನ್ನ ಸಾಕು ಅಂತ ಹೇಳಿ ಹೋಗಿದ್ದಾನೆ.”

ಗಾರೆಯವನು ಎತ್ತಿನ ಬೆನ್ನು ಒಮ್ಮೆ ತಟ್ಟಿ, ಹಂಡೆ ಹೊತ್ತುಕೊಂಡು ಹೋದ. ಅಗ್ಗದವಳು ರಾಗಿಯನ್ನು ಗಂಟು ಕಟ್ಟಿದಳು. ಎತ್ತಿನ ಬೆನ್ನ ಮೇಲೆ ಹೇರಬಹುದಿತ್ತು, ಹೇರಲಿಲ್ಲ. ತಾನೇ ಹೊತ್ತು ಮನೆಯ ಕಡೆ ನಡೆದಳು.